ಪೆಟ್ರೋಲ್ ಒತ್ತಡದ ಗೇಜ್ ಬಾನೆಟ್‌ನೊಳಗೇ ಇರಲಿ

ಮಾನ್ಯ ಸಂಪಾದಕರೇ,

ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಎಲ್ಲ ಬಂಕ್‌ಗಳಿಗೂ ಬಂದ ಮೇಲೆ, ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗೆ ಪಂಪು, ಪೈಪು, ರಬ್ಬರ್ ಸೀಲುಗಳ ಚಿಂತೆ ಹೆಚ್ಚಿದೆ. ಎಂಜಿನ್‌ಗೆ ಹೋಗುವ ಪೆಟ್ರೋಲಿನ ಒತ್ತಡ ಸರಿಯಾಗಿದೆಯೇ ಎಂದು ತಿಳಿಯಲು ಕೆಲವು ನೂರು ರೂಪಾಯಿಗೆ ಸಿಗುವ ಫ್ಯೂಯಲ್ ಪ್ರೆಷರ್ ಗೇಜ್ ಕೊಂಡು ತಾವೇ ಜೋಡಿಸಿಕೊಳ್ಳುವವರಿದ್ದಾರೆ. ಇದು ಒಳ್ಳೆಯ ಯೋಚನೆಯೇ. ಆದರೆ ಡ್ಯಾಶ್‌ಬೋರ್ಡ್ ಮೇಲೆ ಮುಳ್ಳು ಕಾಣಬೇಕೆಂಬ ಆಸೆಗೆ ಪೆಟ್ರೋಲ್ ಪೈಪನ್ನೇ ಕಾರಿನೊಳಕ್ಕೆ ಎಳೆದು ತರುವುದು ಅಪಾಯಕರ.

ಅಗ್ಗದ ಗೇಜ್‌ಗಳು ಬಹುತೇಕ ಮೆಕ್ಯಾನಿಕಲ್ ಬಗೆಯವು. ಅಂದರೆ ಪೆಟ್ರೋಲೇ ಗೇಜ್‌ನೊಳಗಿನ ಬಾಗಿದ ಹಿತ್ತಾಳೆ ಕೊಳವೆಗೆ ನುಗ್ಗಿ ಮುಳ್ಳನ್ನು ತಿರುಗಿಸುತ್ತದೆ. ಹಿಂದೆ ಆಯಿಲ್ ಪ್ರೆಷರ್ ಗೇಜ್‌ಗೆ ಸಣ್ಣ ಕೊಳವೆಯನ್ನು ಚಾಲಕನ ಮುಂದಿನವರೆಗೆ ತರುವ ರೂಢಿಯಿತ್ತು, ಅದೇ ಧೈರ್ಯದಲ್ಲಿ ಕೆಲವರು ಪೆಟ್ರೋಲಿಗೂ ಹಾಗೆ ಮಾಡುತ್ತಾರೆ. ಆಯಿಲ್ ಸೋರಿದರೂ ತೊಂದರೆಯೇ, ಆದರೆ ಅದು ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಎಂಪಿಎಫ್‌ಐ ಕಾರಿನಲ್ಲಿ (ಇಂಜೆಕ್ಟರ್ ಎಂಬ ನಳಿಕೆಗಳಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಕಾರಿನಲ್ಲಿ) ಸುಮಾರು 3 ಬಾರ್, ಅಂದರೆ ಟೈರಿನ ಗಾಳಿಗಿಂತಲೂ ಹೆಚ್ಚಿನ ಒತ್ತಡದಲ್ಲಿರುವ ಪೆಟ್ರೋಲ್ ಮುಚ್ಚಿದ ಕಾರಿನೊಳಗೆ ಚಿಮ್ಮಿದರೆ ಒಂದು ಕಿಡಿ ಸಾಕು. ಮುಳ್ಳು ಕಣ್ಣೆದುರೇ ಇರಬೇಕೆನ್ನುವವರು ಸ್ವಲ್ಪ ಹೆಚ್ಚು ಕೊಟ್ಟು ಎಲೆಕ್ಟ್ರಿಕಲ್ ಸೆನ್ಸರ್ ಇರುವ ಗೇಜ್ ಕೊಳ್ಳಲಿ. ಅದರಲ್ಲಿ ಒಳಗೆ ಬರುವುದು ವೈರು ಮಾತ್ರ.

ದುಡ್ಡು ಉಳಿಸುವುದಿದ್ದರೆ ಗೇಜ್‌ನ ಅಂದಚಂದದಲ್ಲಿ ಉಳಿಸಬಹುದು, ಹೋಸ್ ಮತ್ತು ಕ್ಲಿಪ್‌ಗಳಲ್ಲಿ ಅಲ್ಲ. ಇಂಜೆಕ್ಷನ್ ಕಾರಿಗೆ ಎಸ್‌ಎಇ ಜೆ30 ಆರ್9 (ಇಂಧನ ಹೋಸ್‌ನ ಗುಣಮಟ್ಟದ ಗುರುತು) ಎಂದು ಮೇಲೆಯೇ ಮುದ್ರಿಸಿದ ಹೋಸ್ ಬೇಕು. ಕಾರ್ಬುರೇಟರ್ ಕಾಲದ ಸಾದಾ ಹೋಸ್ ಈ ಒತ್ತಡಕ್ಕಾಗಿ ಮಾಡಿದ್ದಲ್ಲ. ಹಲ್ಲಿರುವ ಮಾಮೂಲಿ ಕ್ಲಿಪ್ ಬಿಗಿದಷ್ಟೂ ರಬ್ಬರನ್ನು ಕೊರೆಯುತ್ತದೆ, ಆದ್ದರಿಂದ ಸುತ್ತಲೂ ಸಮನಾಗಿ ಹಿಡಿಯುವ ಇಂಜೆಕ್ಷನ್ ಕ್ಲಿಪ್ ಹಾಕಿಸಬೇಕು. ಗೇಜ್ ಜೋಡಿಸಲು ಪೈಪಿನ ನಡುವೆ ಹಾಕುವ ಟೀ ಜಾಯಿಂಟ್‌ಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತುವುದನ್ನಂತೂ ಬಿಡಬೇಕು, ಏಕೆಂದರೆ ಅದರ ಚೂರು ಕಳಚಿ ಇಂಜೆಕ್ಟರ್‌ನಲ್ಲಿ ಕುಳಿತರೆ ಇಲ್ಲದ ರೋಗವನ್ನು ಕರೆದಂತಾಗುತ್ತದೆ. ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿಕೊಂಡು, ಬ್ಯಾಟರಿಯ ನೆಗೆಟಿವ್ ಕಳಚಬೇಕು.

ಇನ್ನು ಅಳತೆಯ ವಿಷಯ. ಹಳೆಯ ಪ್ರೀಮಿಯರ್ ಪದ್ಮಿನಿಯಂಥ ಕಾರ್ಬುರೇಟರ್ ಗಾಡಿಗೆ ಕೆಲವೇ ಪಿಎಸ್‌ಐ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ಸಾಕಾಗುವುದರಿಂದ 0–15 ಪಿಎಸ್‌ಐ ಗೇಜ್ ಬೇಕು. ಇಂಜೆಕ್ಷನ್ ಕಾರಿಗೆ 0–100 ಪಿಎಸ್‌ಐ. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಮುಳ್ಳು ಒಂದೋ ಅಲುಗುವುದೇ ಇಲ್ಲ, ಇಲ್ಲವೇ ಗೇಜ್ ಕೆಡುತ್ತದೆ. ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಬಾನೆಟ್‌ನೊಳಗೆ ಇರುವ ಇಂಜೆಕ್ಷನ್ ಕಾರಿನಲ್ಲಿ, ಐಡಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿದಾಗ ಒತ್ತಡ ಅರ್ಧ ಬಾರ್‌ನಷ್ಟು ಏರಬೇಕು. ಏರದಿದ್ದರೆ ಅನುಮಾನ ಮೊದಲು ರೆಗ್ಯುಲೇಟರ್ ಮೇಲೆ. ಎಂಜಿನ್ ಆರಿಸಿದ ಕೆಲವೇ ಕ್ಷಣಗಳಲ್ಲಿ ಮುಳ್ಳು ಸೊನ್ನೆಗೆ ಕುಸಿದರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಐಡಲಿಂಗ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ ಮಾತ್ರ ಒತ್ತಡ ಇಳಿಯುವುದಾದರೆ, ಕಟ್ಟಿಕೊಂಡ ಫಿಲ್ಟರನ್ನು ನೋಡದೆ ಪಂಪಿಗೆ ಕೈ ಹಾಕಬಾರದು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಶಾಶ್ವತವಾದ ಗೇಜ್ ಬೇಕಾಗಿಯೇ ಇಲ್ಲ. ಪರೀಕ್ಷೆಯ ಹೊತ್ತಿಗೆ ಜೋಡಿಸಿ, ಅಳತೆ ಬರೆದಿಟ್ಟುಕೊಂಡು, ಬಿಚ್ಚಿಡುವ ಕಿಟ್ ಒಂದನ್ನು ನಾಲ್ಕೈದು ಮಂದಿ ಸೇರಿ ಕೊಂಡರೆ ಖರ್ಚೂ ಕಡಿಮೆ, ಸೋರಬಹುದಾದ ಜಾಯಿಂಟೂ ಉಳಿಯುವುದಿಲ್ಲ.

ಗ್ಯಾರೇಜಿನವರಲ್ಲಿ ಒಂದು ವಿನಂತಿ. ಪಿಕಪ್ ಇಲ್ಲವೆಂದು ಬಂದ ಹಳೆಯ ಕಾರಿಗೆ ಸಾವಿರಾರು ರೂಪಾಯಿಯ ಹೊಸ ಪಂಪ್ ಹಾಕುವ ಮೊದಲು ಒತ್ತಡವನ್ನು ಅಳೆದು, ಆ ಅಂಕಿಯನ್ನು ಬಿಲ್ಲಿನಲ್ಲಿ ನಮೂದಿಸಿ ಕೊಡಿ. ಗ್ರಾಹಕರೂ ಅದನ್ನು ಕೇಳಿ ಪಡೆಯಲಿ.

– ಹಳೆಯ ಕಾರಿನ ಮಾಲೀಕ, ಮೈಸೂರು