ಯುದ್ಧದ ಹಳೇ ಫೋಟೊ: ಪ್ರತಿ ಬೇರೆ, ಹಕ್ಕು ಬೇರೆ

ಮಾನ್ಯ ಸಂಪಾದಕರೇ,

ಸೈನಿಕರ ಮನೆಗಳ ಟ್ರಂಕಿನಲ್ಲಿದ್ದ ಎರಡನೇ ಮಹಾಯುದ್ಧದ ಫೋಟೊಗಳು ಈಗ ಮಾರಾಟಕ್ಕೆ ಬರುತ್ತಿವೆ. ಕೈಯಲ್ಲಿರುವ ಹಳೇ ಪ್ರತಿ ಮಾರಲು ಅಡ್ಡಿಯಿಲ್ಲ. ಅದನ್ನು ಪುಸ್ತಕದಲ್ಲೋ ಕ್ಯಾಲೆಂಡರಿನಲ್ಲೋ ಮುದ್ರಿಸಲು ಲೈಸೆನ್ಸ್ ಕೊಡುವುದಾದರೆ ಮಾತ್ರ ಹಕ್ಕುಸ್ವಾಮ್ಯ ನಿಮ್ಮದೇ ಆಗಿರಬೇಕು. ಗೊಂದಲವೆಲ್ಲ ಇಲ್ಲೇ.

ಮೊದಲು ಫೋಟೊದ ಹಿಂಬದಿ ನೋಡಿ. ಸ್ಟುಡಿಯೊ ಮೊಹರಿದ್ದು, ದುಡ್ಡು ಕೊಟ್ಟು ತೆಗೆಸಿದ ಭಾವಚಿತ್ರವಾಗಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಹಕ್ಕು ತೆಗೆಸಿದವರದು. ‘ಕ್ರೌನ್ ಕಾಪಿರೈಟ್’ ಎಂದಿದ್ದರೆ ಅದು ಬ್ರಿಟಿಷ್ ಸರ್ಕಾರದ್ದು. ಅಂಥ ಯುದ್ಧಕಾಲದ ಚಿತ್ರಗಳ ಹಕ್ಕು, ಚಿತ್ರ ತೆಗೆದ 50 ವರ್ಷಕ್ಕೇ, ಬ್ರಿಟನ್ನಿನಲ್ಲಿ ಮುಗಿದಿದೆ. ಅಮೆರಿಕದ ಸೇನಾ ಛಾಯಾಗ್ರಾಹಕರ ಚಿತ್ರಗಳಿಗೆ ಆ ದೇಶದಲ್ಲಿ ಹಕ್ಕುಸ್ವಾಮ್ಯವೇ ಇಲ್ಲ. ಹಾಗಂತ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಬಾವುಟ ನೆಡುವ ಪ್ರಸಿದ್ಧ ಚಿತ್ರವನ್ನೂ ಆ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನು ತೆಗೆದ ಜೋ ರೊಸೆಂತಾಲ್ ಸೈನಿಕರಲ್ಲ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯವರು.

1971ರ ಯುದ್ಧದ್ದು ಬೇರೆ ಲೆಕ್ಕ. ಭಾರತ ಸರ್ಕಾರದ ಚಿತ್ರ ಅದೇ ವರ್ಷ ಪ್ರಕಟವಾಗಿದ್ದರೆ ಹಕ್ಕು 2031ರ ಕೊನೆಯವರೆಗೆ ಇರುತ್ತದೆ. ಖಾಸಗಿ ಛಾಯಾಗ್ರಾಹಕರದ್ದಾದರೆ, ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಅವರ ಮರಣಾನಂತರ 60 ವರ್ಷ.

ಲೈಸೆನ್ಸ್ ಬರವಣಿಗೆಯಲ್ಲೇ ಇರಲಿ, ಸಹಿ ಇರಲಿ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವಿದೇಶಿ ಪ್ರಕಾಶಕರೊಂದಿಗೆ ಎಡವಟ್ಟಾಗುವುದು ಇದರಿಂದಲೇ.

6×4 ಇಂಚಿನ ಪ್ರತಿಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 12 ಇಂಚು ಅಗಲಕ್ಕೆ ಚೆನ್ನಾಗಿ ಅಚ್ಚಾಗುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ದಾಖಲೆ ಇರುವುದು ಅಲ್ಲೇ.

– ಓದುಗರು, ಮಡಿಕೇರಿ