ಚುಂದನ ಮನೆಯ ಊಟದಿಂದ ಶುರು ಮಾಡು

ಪ್ರೀತಿಯ ತಮ್ಮಾ,

ಬುದ್ಧನ ಮೇಲಿನ ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿದೆ. ನಿನಗೆ ಬರೆಯಲು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಾಲೇ ಹುಣ್ಣಿಮೆ ರಾತ್ರಿ. ಯಶೋಧರೆ ಮಲಗಿದ್ದಾಳೆ, ಮಗ್ಗುಲಲ್ಲಿ ರಾಹುಲ, ಬಾಗಿಲಲ್ಲಿ ಸಿದ್ಧಾರ್ಥ, ಹೊರಗೆ ಚನ್ನ ಕುದುರೆ ಹಿಡಿದು ನಿಂತಿದ್ದಾನೆ. ಹಾಳೆ ಕೆಳಗಿಟ್ಟು ನಕ್ಕುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ, ನಕ್ಕಿದ್ದು ನನ್ನನ್ನು ನೆನೆಸಿಕೊಂಡು. ನಿನ್ನ ವಯಸ್ಸಿನಲ್ಲಿ ನಾನೂ ಇದೇ ರಾತ್ರಿಯನ್ನು ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದೆ. ನನ್ನದರಲ್ಲಿ ಹುಣ್ಣಿಮೆ ಜೊತೆಗೆ ಮಲ್ಲಿಗೆ ಬಳ್ಳಿಯೂ ಇತ್ತು. ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಎರಡೇ ಪದ: 'ಇದು ಗೊತ್ತು.'

ಆ ರಾತ್ರಿ ನಮಗೆಲ್ಲ ಶಾಲೆಯ ಪಾಠದಿಂದ, ಗೋಡೆಯ ಕ್ಯಾಲೆಂಡರಿನಿಂದ ಗೊತ್ತು. ಹಳೆಯ ಪಾಲಿ ಸುತ್ತಗಳನ್ನು, ಅಂದರೆ ಬುದ್ಧನ ಮಾತುಗಳಿರುವ ಪಾಲಿ ಭಾಷೆಯ ಪಾಠಗಳನ್ನು, ಒಮ್ಮೆ ತೆಗೆದು ನೋಡು. ಮಜ್ಝಿಮ ನಿಕಾಯ ಅನ್ನುವ ಸುತ್ತಗಳ ಸಂಗ್ರಹದ ಅರಿಯಪರಿಯೇಸನ ಸುತ್ತದಲ್ಲಿ ತಾನು ಮನೆ ಬಿಟ್ಟಿದ್ದನ್ನು ಬುದ್ಧನೇ ಹೇಳುತ್ತಾನೆ. ಅಲ್ಲಿ ಹುಣ್ಣಿಮೆಯೂ ಇಲ್ಲ, ಕುದುರೆಯೂ ಇಲ್ಲ. ನನ್ನ ತಲೆಗೂದಲು ಇನ್ನೂ ಕಪ್ಪಗಿತ್ತು, ಅಪ್ಪ ಅಮ್ಮನಿಗೆ ಇಷ್ಟವಿರಲಿಲ್ಲ, ಅಳುತ್ತಿದ್ದರು, ನಾನು ತಲೆ ಗಡ್ಡ ಬೋಳಿಸಿ ಕಾವಿ ಉಟ್ಟು ಹೊರಟೆ ಅನ್ನುತ್ತಾನೆ. ಅಷ್ಟೇ. ಕದ್ದು ಹೋದ ಮಾತೇ ಇಲ್ಲ, ಅಳುವವರ ಕಣ್ಣೆದುರೇ ಎದ್ದು ನಡೆದಿದ್ದಾನೆ. ಇನ್ನೊಂದು ವಿಷಯ ನೋಡು. ಮಾಯಾದೇವಿ ಮಗು ಹುಟ್ಟಿದ ಏಳನೇ ದಿನಕ್ಕೇ ತೀರಿಕೊಂಡಳು ಅನ್ನುತ್ತಾರೆ. ಹಾಗಾದರೆ ಅಳುತ್ತಿದ್ದ ಅಮ್ಮ ಯಾರು? ಎತ್ತಿ ಸಾಕಿದ ಚಿಕ್ಕಮ್ಮ ಮಹಾಪ್ರಜಾಪತಿ ಗೋತಮಿಯೇ ಇರಬೇಕು, ಅಲ್ವಾ? ಆ ಅಳುವಿನ ಬಗ್ಗೆ ನಿನ್ನಲ್ಲಿ ಒಂದು ಸಾಲೂ ಇಲ್ಲ.

ಮುದುಕ, ರೋಗಿ, ಹೆಣ, ಸನ್ಯಾಸಿ ಅನ್ನುವ ನಾಲ್ಕು ದೃಶ್ಯಗಳದ್ದೂ ಇದೇ ಕತೆ. ಮಹಾಪದಾನ ಸುತ್ತದಲ್ಲಿ ಅವನ್ನು ನೋಡುವವನು ವಿಪಸ್ಸಿ ಎಂಬ ಹಿಂದಿನ ಬುದ್ಧ. ಗೋತಮನಿಗೆ ಅವು ಸೇರಿದ್ದು ಆಮೇಲೆ. ಬಳಸಲೇಬೇಡ ಅಂತ ನಾನು ಹೇಳುತ್ತಿಲ್ಲ. ಯಾವುದು ಯಾವಾಗ ಸೇರಿತು ಅಂತ ತಿಳಿದುಕೊಂಡು ಬಳಸು.

ನನ್ನನ್ನು ಕೇಳಿದರೆ 29ನೇ ವಯಸ್ಸಿನ ರಾಜಕುಮಾರನನ್ನು ಸದ್ಯಕ್ಕೆ ಬಿಡು. 80ರ ಮುದುಕನನ್ನು ಹಿಡಿ. ಅವನ ಕೊನೆಯ ದಿನಗಳನ್ನು ಹೇಳುವ ಮಹಾಪರಿನಿಬ್ಬಾನ ಸುತ್ತವನ್ನು ಪೂರ್ತಿ ಓದು, ಅವಸರ ಮಾಡಬೇಡ. ಹಳೇ ಗಾಡಿಯನ್ನು ಪಟ್ಟಿ ಬಿಗಿದು ಹೇಗೋ ಓಡಿಸುತ್ತಾರಲ್ಲ, ಹಾಗೆ ಓಡುತ್ತಿದೆ ಈ ಮೈ ಅಂತ ಅವನೇ ಜೊತೆಗಿದ್ದ ಶಿಷ್ಯ ಆನಂದನಿಗೆ ಹೇಳುತ್ತಾನೆ. ಬೇರೆ ಕಡೆ ಒಮ್ಮೆ ಇನ್ನೊಬ್ಬ ಶಿಷ್ಯ ಸಾರಿಪುತ್ತನನ್ನು ಕರೆದು, ನನ್ನ ಬೆನ್ನು ನೋಯುತ್ತಿದೆ, ಇವತ್ತು ನೀನು ಮಾತಾಡು ಅಂದು ಮಲಗಿಬಿಡುತ್ತಾನೆ. ಬೆನ್ನು ನೋವಿನ ಬುದ್ಧ! ನಿನ್ನ ಮೂರು ಅಧ್ಯಾಯದಲ್ಲಿ ಅವನಿಗೆ ಒಂದು ಸಲ ಕೆಮ್ಮು ಕೂಡ ಬಂದಿಲ್ಲ.

ಪಾವಾ ಊರಿನಲ್ಲಿ ಚುಂದ ಅಂತ ಒಬ್ಬ ಕಮ್ಮಾರ. ಅವನ ಮನೆಯಲ್ಲಿ ಊಟ. ಸೂಕರಮದ್ದವ ಅನ್ನುವ ಅಡುಗೆ ಮಾಡಿದ್ದ. ಅದು ಹಂದಿ ಮಾಂಸವೋ ಅಣಬೆಯೋ ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ನೀನು ಸುಮ್ನೆ ಆ ಜಗಳದಲ್ಲಿ ಸಿಕ್ಕಿಹಾಕಿಕೊಳ್ಳಬೇಡ. ಬುದ್ಧ ಅದನ್ನು ತನಗೊಬ್ಬನಿಗೇ ಬಡಿಸಿಕೊಂಡು, ಉಳಿದಿದ್ದನ್ನು ಗುಂಡಿ ತೆಗೆದು ಹೂಳಲು ಹೇಳಿದ. ಆಮೇಲೆ ರಕ್ತಭೇದಿ. ಆ ಸ್ಥಿತಿಯಲ್ಲೇ ಕುಸಿನಾರೆಯ ಕಡೆ ನಡೆದ. ದಾರಿಯಲ್ಲಿ ಮರದ ಬುಡದಲ್ಲಿ ಕೂತು ನೀರು ಕೇಳಿದ. ಗಾಡಿಗಳು ಈಗಷ್ಟೇ ಹಳ್ಳ ದಾಟಿವೆ, ನೀರು ಬಗ್ಗಡ ಆಗಿದೆ ಅಂದ ಆನಂದ. ಮೂರು ಸಲ ಕೇಳಿದ ಮೇಲೆ ಹೋದ. ನೀರು ತಿಳಿಯಾಗಿತ್ತು.

ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನದು. ಸಾಯಲು ಹೊರಟ ಆ ಮುದುಕನಿಗೆ ಚುಂದನ ಚಿಂತೆ. ನಿನ್ನ ಮನೆಯಲ್ಲಿ ಉಂಡೇ ಹೋದ ಅಂತ ಯಾರಾದರೂ ಅವನ ಮನಸ್ಸು ನೋಯಿಸಿದರೆ? ಆನಂದನಿಗೆ ಹೇಳುತ್ತಾನೆ: ನೀನು ಚುಂದನಿಗೆ ಸಮಾಧಾನ ಹೇಳು. ನನಗೆ ಅರಿವು ಮೂಡುವ ಮುಂಚೆ ಉಂಡ ಊಟ, ಹೋಗುವ ಮುಂಚೆ ಉಂಡ ಊಟ, ಎರಡೂ ಒಂದೇ ತೂಕದ ಪುಣ್ಯ ಅಂತ ಹೇಳು.

ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾಗುತ್ತಾಳೆ. ಅವಳ ತಮ್ಮ ಗಣೇಶನ ಹಬ್ಬಕ್ಕೆ ಬಂದಿದ್ದ. ಕಡುಬು ತಿಂದು ಮಲಗಿದವನು ಬೆಳಗ್ಗೆ ಏಳಲಿಲ್ಲ. ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಅದು ಅಜ್ಜಿಯ ಕಿವಿಗೆ ಹೋಗಲೇ ಇಲ್ಲ. ನನ್ನ ಕೈಯೂಟ ಉಂಡು ಹೋದ ಅನ್ನುತ್ತಿದ್ದಳು. ಆಮೇಲೆ ಅವಳು ಇರುವವರೆಗೂ ಕಡುಬಿನ ಹಿಟ್ಟು ಮುಟ್ಟಲಿಲ್ಲ. ಹಬ್ಬದ ದಿನ ಅಮ್ಮ ಒಳಗೆ ಕಡುಬು ಬೇಯಿಸುತ್ತಿದ್ದರೆ ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ಅವಳಿಗೆ ಯಾರೂ ಯಾವ ಆನಂದನ ಕೈಲೂ ಹೇಳಿ ಕಳಿಸಲಿಲ್ಲ. ಇದನ್ನು ನಾನು ಇವತ್ತಿನವರೆಗೂ ಬರೆದಿಲ್ಲ, ಮಲ್ಲಿಗೆ ಬಳ್ಳಿ ಬರೆದೆ.

ಇನ್ನು ಉಪದೇಶದ ವಿಷಯ. ಮೂರನೇ ಅಧ್ಯಾಯದಲ್ಲಿ ಬುದ್ಧನ ಕೈಲಿ ಕಿಸಾಗೋತಮಿಗೆ ಎರಡು ಪುಟ ಭಾಷಣ ಮಾಡಿಸಿದ್ದೀಯ. ಜಾಸ್ತಿ ಆಯಿತು. ಸಾವಿಲ್ಲದ ಮನೆಯ ಸಾಸಿವೆ ಅನ್ನುವುದು ನಮ್ಮಲ್ಲಿ ಗಾದೆಯಂತೆ ಬಳಕೆಯಲ್ಲಿರುವ ಮಾತು. ಅದರ ಮೇಲೆ ನೀನು ವಿವರಣೆ ಕೊಟ್ಟರೆ ಓದುಗನಿಗೆ ಉಳಿಯುವುದೇನು? ಕತೆಯಲ್ಲಿ ಬುದ್ಧ ಸಾಸಿವೆ ತಾ ಅಂದು ಸುಮ್ಮನಾಗುತ್ತಾನೆ. ಯಾವ ಮನೆಯಲ್ಲಾದರೂ ಇರುವ ಪದಾರ್ಥವನ್ನೇ ಕೇಳುತ್ತಾನೆ, ಅದಕ್ಕೇ ಅವಳು ಆಸೆಯಿಂದ ಓಡುತ್ತಾಳೆ. ಪಾಠ ಹೇಳುವುದು ಅವಳು ತಟ್ಟಿದ ಬಾಗಿಲುಗಳು. ಸತ್ತ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಎಷ್ಟು ಮನೆ ಹತ್ತಿಳಿದಳು? ಕೊನೆಗೆ ಅದರ ಭಾರ ಎಷ್ಟಿತ್ತು? ಅದನ್ನು ಬರೆ.

45 ವರ್ಷ ಊರೂರು ತಿರುಗಿದವನು ಎದುರಿಗಿದ್ದವರ ಮಾತಿನಲ್ಲೇ ಮಾತಾಡಿದ. ಭಾರದ್ವಾಜ ಅನ್ನುವ ರೈತ, ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಉತ್ತು ಉಣ್ಣು ಅಂತ ಚುಚ್ಚಿದ. ನಾನೂ ಉಳುತ್ತೇನೆ ಅಂದ ಬುದ್ಧ. ಶ್ರದ್ಧೆ ನನ್ನ ಬೀಜ, ತಪಸ್ಸು ಮಳೆ, ಪ್ರಜ್ಞೆ ನೊಗ ನೇಗಿಲು, ಎಚ್ಚರವೇ ಗುಳ, ಬಾರುಕೋಲು. ಇದು ಹೊಲದ ಬದುವಿನಲ್ಲಿ ನಿಂತು ಆಡುವ ಮಾತು. ವಾಟ್ಸಾಪಿನಲ್ಲಿ ದಿನಾ ಬೆಳಗ್ಗೆ ಬರುವ 'ಬುದ್ಧ ವಾಣಿ' ಇದೆಯಲ್ಲ, ಗುಲಾಬಿ ಹೂವಿನ ಮೇಲೆ ಬರೆದದ್ದು, ಅದನ್ನು ಮೂಲ ನೋಡದೆ ಅವನ ಬಾಯಲ್ಲಿ ಹಾಕಬೇಡ. ನಿನ್ನ 22ನೇ ಪುಟದಲ್ಲಿ ಅಂಥದ್ದೊಂದು ಇದೆ. ಗುರುತು ಹಾಕಿದ್ದೇನೆ.

ನಾಲ್ಕನೇ ಅಧ್ಯಾಯ ಈಗಲೇ ಕಳಿಸಬೇಡ. ಚುಂದನ ಅಡುಗೆಮನೆ ಬರೆದು ಕಳಿಸು, ಐದಾರು ಪುಟ ಸಾಕು.

ಮಳೆ ನಿಂತ ಮೇಲೆ ನಾನು ಕಲಬುರಗಿ ಕಡೆ ಬರುತ್ತೇನೆ. ಸನ್ನತಿ ಹತ್ತಿರದ ಕನಗನಹಳ್ಳಿಗೆ ಒಟ್ಟಿಗೆ ಹೋಗೋಣ. ಅಲ್ಲಿಯ ಸ್ತೂಪದಲ್ಲಿ 'ರಾಯ ಅಸೋಕ' ಅಂತ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ, ರಾಜನಿಗೆ ಮುಖ ಮೈ ಎಲ್ಲ ಇದೆ. ಬುದ್ಧನ ವಿಗ್ರಹಗಳೂ ಸಿಕ್ಕಿವೆ, ಆದರೆ ಅವು ಆಮೇಲಿನ ಕಾಲದ್ದು. ಮೊದಲಿನ ಶಿಲ್ಪಿಗಳು ಅವನ ಜಾಗದಲ್ಲಿ ಬರೀ ಪಾದ, ಖಾಲಿ ಪೀಠ ಕೆತ್ತಿ ಬಿಟ್ಟಿದ್ದಾರೆ. ಬಿಸಿಲು ಜೋರು, ಟೋಪಿ ತಾ.

ನಿನ್ನ ಮೇಷ್ಟ್ರು