ಗೇಮ್ ಸಂಶೋಧನೆಯಲ್ಲಿ ಪರೀಕ್ಷಕರು ನೋಡಬೇಕಾದ್ದು

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಕಟ್ಟುವುದನ್ನು ವಿಶ್ವವಿದ್ಯಾಲಯದ ಸಂಶೋಧನೆ ಎನ್ನಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಗ್ರಾಫಿಕ್ಸ್ ಹೇಗಿದೆ, ಎಷ್ಟು ಡೌನ್‌ಲೋಡ್ ಆಯಿತು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆಟ ಯಾವ ಪ್ರಶ್ನೆಯನ್ನು ಪರೀಕ್ಷಿಸುತ್ತಿದೆ ಎಂದು ಕೇಳುವವರು ಕಡಿಮೆ.

2005ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಒಂದು ಕಟ್ಟಳೆ ಹಾಕಿಕೊಂಡರು: ಒಂದು ಆಟವನ್ನು ಒಬ್ಬರೇ ಮಾಡಬೇಕು, ಏಳು ದಿನದೊಳಗೆ ಮುಗಿಸಬೇಕು, ವಿಷಯ ಎಲ್ಲರಿಗೂ ಒಂದೇ. ಒಂದೇ ಸೆಮಿಸ್ಟರ್‌ನಲ್ಲಿ ಐವತ್ತಕ್ಕೂ ಹೆಚ್ಚು ಮಾದರಿಗಳು ಬಂದವು. ಬಣ್ಣ ಬಳಿಯುತ್ತ ಕೂತಿದ್ದರೆ ಐದೂ ಆಗುತ್ತಿರಲಿಲ್ಲ.

ಮಾದರಿ ಸಿದ್ಧವಾದ ಮೇಲಿನದೇ ನಿಜವಾದ ಕೆಲಸ. ಎರಡು ಆವೃತ್ತಿಗಳ ನಡುವೆ ಒಂದೇ ಒಂದು ಅಂಶ ಬೇರೆಯಿರಲಿ, ಜಿಗಿತದ ಎತ್ತರವೋ ಶತ್ರುವಿನ ವೇಗವೋ. ಆಡಿ ನೋಡುವವರಲ್ಲಿ ಅರ್ಧ ಜನ ಮೊದಲು ಒಂದನ್ನು, ಉಳಿದರ್ಧ ಇನ್ನೊಂದನ್ನು ಆಡಬೇಕು. ಇಲ್ಲದಿದ್ದರೆ ಎರಡನೆಯ ಸಲ ಕೈ ಪಳಗಿದ್ದೇ ವಿನ್ಯಾಸದ ಗುಣವೆಂದು ತೋರುತ್ತದೆ. ಪ್ರತಿ ಗುಂಡಿ ಒತ್ತಿದ್ದೂ ಸಮಯ, ಆವೃತ್ತಿ ಸಂಖ್ಯೆ, ರ‍್ಯಾಂಡಮ್ ಸೀಡ್ (ಆಟದ ಆಕಸ್ಮಿಕಗಳನ್ನು ಹುಟ್ಟಿಸುವ ಮೂಲ ಸಂಖ್ಯೆ) ಸಮೇತ ಲಾಗ್ ಎಂಬ ದಾಖಲೆಗೆ ಸೇರಬೇಕು. ಸಮಯವನ್ನು ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಎಣಿಸಿ ಲೆಕ್ಕ ಹಾಕುವ ಚಟ ಬಹಳ ಮಂದಿಗಿದೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್ ತಪ್ಪಿದರೆ ಲೆಕ್ಕವೇ ಸುಳ್ಳು. ಸಿಸ್ಟಮ್‌ನ ಗಡಿಯಾರವನ್ನೇ ಓದಿಸಬೇಕು. ಪರದೆ ಮತ್ತು ಕೀಬೋರ್ಡಿನ ವಿಳಂಬ ಆಗಲೂ ಉಳಿಯುತ್ತದೆನ್ನಿ. ನಡುವೆ ಬಗ್ ಸರಿಪಡಿಸಿದರೆ ಅದರ ಹಿಂದಿನ, ಮುಂದಿನ ದತ್ತಾಂಶವನ್ನು ಬೆರೆಸುವಂತಿಲ್ಲ.

ಇನ್ನು ಅಂಕದ ಲೆಕ್ಕ. ಯಾವುದಕ್ಕೆ ಅಂಕ ಕೊಡುತ್ತೇವೋ ಆಟಗಾರ ಅದರ ಹಿಂದೆಯೇ ಬೀಳುತ್ತಾನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಪ್ರೋಟೀನ್ ಮಡಿಸುವ ಆಟವಾದ ಫೋಲ್ಡಿಟ್‌ನಲ್ಲಿ ಅಂಕವನ್ನು ಪ್ರೋಟೀನಿನ ಶಕ್ತಿಯ ಲೆಕ್ಕಕ್ಕೇ ಜೋಡಿಸಿದ್ದಾರೆ (ಶಕ್ತಿ ಕಡಿಮೆಯಾದಷ್ಟೂ ಅಂಕ ಹೆಚ್ಚು), ಹಾಗಾಗಿ ಗೆಲ್ಲಲು ಹೊರಟವನು ಉತ್ತಮ ರಚನೆಯನ್ನೇ ಹುಡುಕುತ್ತಾನೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಗೆಹರಿಯದಿದ್ದ, ಮಂಗಗಳ ವೈರಸ್ಸೊಂದರ ಕಿಣ್ವದ ರಚನೆಗೆ ಬೇಕಾದ ಮಾದರಿಯನ್ನು ಆಟಗಾರರು ಮೂರು ವಾರದಲ್ಲಿ ಕೊಟ್ಟದ್ದು 2011ರಲ್ಲಿ ಪ್ರಕಟವಾಯಿತು. ವೇಗಕ್ಕೆ ಅಂಕವಿಟ್ಟು ಎಚ್ಚರಿಕೆಯನ್ನು ಅಳೆಯಲು ಹೊರಟ ಆಟಕ್ಕೆ ಇಂಥ ಫಲ ಸಿಗದು.

ಆದ್ದರಿಂದ ಆಟದ ಫೈಲಿನ ಜೊತೆಗೆ ಮೂಲ ಕೋಡ್, ಕಚ್ಚಾ ಲಾಗ್, ಕೈಬಿಟ್ಟ ಮಾದರಿಗಳು ಮತ್ತು ಬಿಟ್ಟ ಕಾರಣ, ಬಳಸಿದ, ಆಟ ಕಟ್ಟುವ ತಂತ್ರಾಂಶವಾದ ಎಂಜಿನ್‌ನ ಆವೃತ್ತಿ ಇವೆಲ್ಲವನ್ನೂ ವಿಶ್ವವಿದ್ಯಾಲಯಗಳು ಕಡ್ಡಾಯವಾಗಿ ಕೇಳಬೇಕು. ಕೊನೆಯದನ್ನು ಬರೆದಿಡದಿದ್ದರೆ ಕೆಲವೇ ವರ್ಷಗಳಲ್ಲಿ ಆ ಪ್ರಾಜೆಕ್ಟ್ ತೆರೆಯುವುದೇ ಕಷ್ಟವಾಗುತ್ತದೆ.

– ಗೇಮ್ ವಿನ್ಯಾಸದ ಅಧ್ಯಾಪಕರು